ಪೋಲೋಗೆ ದೊಡ್ಡ ಬ್ರೇಕ್ ಕಿಟ್: ಕಲಬುರಗಿಯಲ್ಲಿ ಹಾಕಿಸಿದವರು ಯಾರಾದರೂ ಇದ್ದೀರಾ?

ಕೆಎ 32 ಬಿಳಿ ಪೋಲೋ

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಪೋಲೋ ಜಿಟಿ ಟಿಎಸ್‌ಐ. ನಾನು ಎರಡನೆಯ ಮಾಲೀಕ. ಔಷಧ ಕಂಪನಿಯ ಪ್ರತಿನಿಧಿಯಾದ್ದರಿಂದ ವಾರಕ್ಕೆ ಎರಡು ಸಲ ಬೀದರ್, ಒಮ್ಮೆ ಯಾದಗಿರಿ, ತಿಂಗಳಿಗೊಮ್ಮೆ ಹೈದರಾಬಾದ್ ತಿರುಗಾಟ ತಪ್ಪಿದ್ದಲ್ಲ. ಕಳೆದ ವರ್ಷ ಇಂಜಿನ್ನಿಗೆ ರೀಮ್ಯಾಪ್ ಮಾಡಿಸಿದೆ, ಅಂದರೆ ಹೆಚ್ಚು ಶಕ್ತಿ ಬರುವಂತೆ ಅದರ ಕಂಪ್ಯೂಟರಿನ ಲೆಕ್ಕ ಬದಲಾಯಿಸಿದೆ. ಅಂದಿನಿಂದ ಓಡುವುದರಲ್ಲಿ ಹೊಸ ಕಾರು, ನಿಲ್ಲುವುದರಲ್ಲಿ ಹಳೆಯ ಕಾರು.

ಮೇ ಎರಡನೆಯ ವಾರ ಹೈದರಾಬಾದಿನಿಂದ ಮಧ್ಯಾಹ್ನ ಹೊರಟೆ. ಜೊತೆಯಲ್ಲಿ ಹೆಂಡತಿ, ಅತ್ತೆ, ಮಾವ, ಡಿಕ್ಕಿ ತುಂಬ ಸಾಮಾನು. ಜಹೀರಾಬಾದ್ ದಾಟಿದ ಮೇಲೆ 120ರ ಆಸುಪಾಸಿನಲ್ಲಿದ್ದೆ. ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ. ಹುಮನಾಬಾದಿನಲ್ಲಿ ಎಡಕ್ಕೆ ತಿರುಗಿ ಕಲಬುರಗಿ ರಸ್ತೆ ಹಿಡಿದರೆ ಲಾರಿಗಳ ಸಾಲು. ಒಂದನ್ನು ದಾಟುವುದು, ಬಣ್ಣವಿಲ್ಲದ ಉಬ್ಬು ಕಂಡು ಗಟ್ಟಿಯಾಗಿ ಬ್ರೇಕ್ ಒತ್ತುವುದು, ಮತ್ತೆ ದಾಟುವುದು, ಮತ್ತೆ ಒತ್ತುವುದು. ಕಮಲಾಪುರ ಇನ್ನೇನು ಬಂತು ಎನ್ನುವಾಗ ಎಮ್ಮೆಗಳ ಹಿಂಡು ರಸ್ತೆಗಿಳಿಯಿತು. ಒತ್ತಿದರೆ ಬ್ರೇಕ್ ಹಿಡಿಯಲಿಲ್ಲ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆಯ ಪಕ್ಕದ ಎರೆಮಣ್ಣಿಗೆ ಇಳಿಸಿ ಹೇಗೋ ನಿಲ್ಲಿಸಿದೆ. ಮುಂದಿನ ಗಾಲಿಗಳಿಂದ ಸುಟ್ಟ ವಾಸನೆ. ಅಲ್ಲೇ ಹಣ್ಣಿನ ಗಾಡಿಯ ಹತ್ತಿರ ಕುಳಿತೆವು. ಅತ್ತೆಯವರು ಅರ್ಧ ತಾಸು ಒಂದು ಮಾತೂ ಆಡದೆ ಕಮಲಾಪುರದ ಕೆಂಪು ಬಾಳೆಹಣ್ಣು ತಿಂದರು. ಆಮೇಲೆ ಹೊರಟಾಗ ಬ್ರೇಕ್ ಎಂದಿನಂತೆಯೇ ಇತ್ತು.

ಊರಿಗೆ ಬಂದವನೇ ಪುಣೆಯ ಮಾರಾಟಗಾರರೊಬ್ಬರಿಗೆ 10,000 ಮುಂಗಡ ಕಳಿಸಿದೆ. ಬಳಸಿದ ಕಿಟ್, ನಾಲ್ಕು ಪಿಸ್ಟನ್ನಿನ ಅಲ್ಯೂಮಿನಿಯಂ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ), ಗಾಲಿಯ ಜೊತೆ ತಿರುಗುವ 312 ಮಿ.ಮೀ. ಡಿಸ್ಕ್, ಬ್ರಾಕೆಟ್, ಬ್ರೇಕ್ ಆಯಿಲ್ ಹರಿಯುವ ಸ್ಟೀಲ್ ಹೆಣಿಗೆಯ ಹೋಸ್, ಎಲ್ಲ ಸೇರಿ 70,000. ಈಗಿರುವ ಮುಂದಿನ ಡಿಸ್ಕ್ 256 ಮಿ.ಮೀ., ಹಿಂದೆ ಡ್ರಮ್. ನನ್ನ 16 ಇಂಚಿನ ಅಲಾಯ್ ಗಾಲಿಯ ಒಳಗೆ ಇದು ಕೂರುತ್ತದೆಯೇ? ಹಿಂದಿನ ಡ್ರಮ್ಮನ್ನು ಹಾಗೆಯೇ ಬಿಡಬಹುದೇ? ನಮ್ಮ ಮೆಕ್ಯಾನಿಕ್ "ತನ್ನಿ ಸಾಹೇಬರೇ, ನಾಲ್ಕು ಬೋಲ್ಟು, ಎರಡು ತಾಸಿನ ಕೆಲಸ" ಎಂದರು. ಅವರು ಅಷ್ಟು ಹಗುರವಾಗಿ ಹೇಳಿದ್ದಕ್ಕೇ ನನಗೆ ಹೆದರಿಕೆಯಾಗಿದೆ.

ಬೀದರ್ ಬುರುಜು

ನಾನೂ ಒಮ್ಮೆ ದೊಡ್ಡ ಬ್ರೇಕ್ ಹಾಕಿಸಿದ್ದೆ, 900 ರೂಪಾಯಿಗೆ. ಕೆಂಪು ಪ್ಲಾಸ್ಟಿಕ್ಕಿನ ಕ್ಯಾಲಿಪರ್ ಕವರ್, ಮೇಲೆ ಇಟಲಿಯ ಕಂಪನಿಯ ಹೆಸರು. ಬಸವಕಲ್ಯಾಣಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಕಡೆಯದು ಮೆತ್ತಗಾಗಿ ಡಿಸ್ಕಿಗೆ ಅಂಟಿತು. ಗಾಳಿಯಾಡದಂತೆ ಶಾಖವನ್ನು ಒಳಗೇ ಕೂಡಿಹಾಕುವ ಕೆಲಸ ಮಾತ್ರ ಅದು ಚೆನ್ನಾಗಿ ಮಾಡುತ್ತಿತ್ತು.

ತಮಾಷೆ ಬಿಟ್ಟು ಹೇಳುತ್ತೇನೆ. ಟೈರ್ ಯಾವ ವರ್ಷದ್ದು ನೋಡಿದ್ದೀರಾ? ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮ ಬಿಸಿಲಿನಲ್ಲಿ ಐದಾರು ವರ್ಷ ದಾಟಿದ ರಬ್ಬರ್ ನೋಡಲು ದಪ್ಪವಿದ್ದರೂ ಹಿಡಿತ ಇರುವುದಿಲ್ಲ. ಮುಂಗಡ ಹೋದರೆ ಹೋಗಲಿ, 70,000ದಲ್ಲಿ ಎರಡು ಜೊತೆ ಒಳ್ಳೆಯ ಟೈರ್ ಬರುತ್ತವೆ.

ವರ್ನಿಯರ್ ಮುತ್ಯಾ

ತಮ್ಮಾ, ಕಿಟ್ಟಿನ ಮಾತು ಆಮೇಲೆ. ಮೊದಲು ನೆನಪು ಮಾಡಿಕೊಂಡು ಒಂದು ಪ್ರಶ್ನೆಗೆ ಉತ್ತರ ಕೊಡು. ಎಮ್ಮೆಗಳು ಎದುರಾದಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತೇ, ಅಥವಾ ಕಲ್ಲಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲಲಿಲ್ಲವೇ? ಎರಡೂ ಬೇರೆ ಬೇರೆ ಕಾಯಿಲೆ. ಗಟ್ಟಿಯಾಗಿದ್ದೂ ನಿಲ್ಲದಿದ್ದರೆ ಪ್ಯಾಡ್ ತನ್ನ ಮಿತಿ ಮೀರಿ ಕಾದಿದೆ. ಮೆತ್ತಗಾಗಿದ್ದರೆ ಬ್ರೇಕ್ ಆಯಿಲ್ ಕುದಿದಿದೆ. ಆಯಿಲನ್ನು ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ನಿನ್ನ ಕಾಲಿನ ಬಲವೆಲ್ಲ ಗುಳ್ಳೆ ಒತ್ತುವುದಕ್ಕೇ ಮುಗಿದುಹೋಗುತ್ತದೆ. ಅರ್ಧ ತಾಸು ಆರಿದ ಮೇಲೆ ಸರಿಹೋಯಿತು ಎಂದಿದ್ದೀಯ. ಅದು ಎರಡರಲ್ಲೂ ಹಾಗೆಯೇ. ನಿನ್ನ ಕಾಲಿಗೆ ಏನು ತಿಳಿಯಿತು, ಅದು ಬೇಕು.

ನಾಲ್ಕು ಜನ, ಸಾಮಾನು ಸೇರಿ ನಿನ್ನ ಕಾರು 1,400 ಕಿಲೋ ಇತ್ತು ಎಂದುಕೊಳ್ಳೋಣ. ನೂರರ ವೇಗದಿಂದ ಒಮ್ಮೆ ನಿಲ್ಲಿಸಿದರೆ ಸುಮಾರು 540 ಕಿಲೋಜೂಲ್ ಶಾಖವಾಗುತ್ತದೆ. ಮೇ ತಿಂಗಳಲ್ಲಿ ನಮ್ಮ ಮಾಳಿಗೆಯ ಟ್ಯಾಂಕಿನ ನೀರು ನಲ್ಲಿಯಲ್ಲೇ 40 ಡಿಗ್ರಿ ಇರುತ್ತದಲ್ಲ, ಅಂಥ ಎರಡು ಲೀಟರಿಗಿಂತ ತುಸು ಹೆಚ್ಚು ನೀರನ್ನು ಕುದಿಯುವವರೆಗೆ ಕಾಯಿಸುವಷ್ಟು. 120ರಿಂದ ನಿಲ್ಲಿಸಿದರೆ 780ರ ಹತ್ತಿರ. ವೇಗ ಐದರಲ್ಲಿ ಒಂದು ಪಾಲು ಏರಿದರೆ ಶಾಖ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಅದರ ಬಹುಪಾಲನ್ನು ಮುಂದಿನ ಎರಡು ಡಿಸ್ಕ್ ನುಂಗಬೇಕು. ಆರುವ ಮೊದಲೇ ಇನ್ನೊಂದು ಉಬ್ಬು, ಇನ್ನೊಂದು ಲಾರಿ. ದೊಡ್ಡ ಡಿಸ್ಕಿನ ಉಪಯೋಗ ಇರುವುದು ಇಲ್ಲಿ. ಅದು ಮೊದಲನೆಯ ಬ್ರೇಕಿಗೆ ಅಲ್ಲ, ಆರನೆಯ ಬ್ರೇಕಿಗೆ. ತಣ್ಣಗಿದ್ದಾಗ ಒಂದೇ ಸಲ ಗಟ್ಟಿಯಾಗಿ ಒತ್ತಿದರೆ, ಗಾಲಿ ಜಾರದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಸುವ ಎಬಿಎಸ್ ಕಟಕಟ ಎನ್ನುತ್ತದೆಯೇ? ಎನ್ನುತ್ತದೆ ಎಂದಾದರೆ ಅಲ್ಲಿಗೆ ಟೈರಿನ ಹಿಡಿತ ಮುಗಿಯಿತು, ಆಚೆಗೆ ಎಂಥ ಕ್ಯಾಲಿಪರ್ ಕಟ್ಟಿದರೂ ಕಾರು ಬೇಗ ನಿಲ್ಲದು. ಬೀದರಿನವರು ಹೇಳಿದ್ದು ಅದನ್ನೇ.

ಆಯಿಲ್ ಯಾವಾಗ ಬದಲಾಯಿಸಿದ್ದು? ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ಆಯಿಲ್ ನೀರು ಹೀರಿಕೊಂಡ ಮೇಲೆ 155ಕ್ಕೆ ಕುದಿದರೂ ಮಾನದಂಡಕ್ಕೆ ಒಪ್ಪಿಗೆಯೇ. ಗಾಳಿಯಲ್ಲಿನ ತೇವವನ್ನು ಅದು ಹೀರುತ್ತಲೇ ಇರುತ್ತದೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸು ಎನ್ನುವುದು. ಬಾನೆಟ್ಟಿನ ಕೆಳಗಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಬಣ್ಣ ನೋಡು. ಹೊಸದು ತೆಳು ಜೇನಿನ ಬಣ್ಣ ಇರುತ್ತದೆ.

ಈಗ ನಿನ್ನ ನಾಲ್ಕು ಬೋಲ್ಟಿನ ಕೆಲಸ. ನಾನು ಕಾಲೇಜಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಲೇತು, ಅರ ಕಲಿಸಿ ನಿವೃತ್ತನಾದವನು, ಕಾರಿನ ಮೆಕ್ಯಾನಿಕ್ ಅಲ್ಲ. ತಂಗಿಯ ಮಗ ತನ್ನ ವೆಂಟೋಗೆ ಇಂಥದೇ ಕಿಟ್ ತರಿಸಿದಾಗ ನಮ್ಮ ಅಂಗಳದಲ್ಲೇ ಕಟ್ಟಿದೆವು. ಎರಡು ತಾಸಿನ ಕೆಲಸ ಭಾನುವಾರ ಬೆಳಗ್ಗೆ ಆರಕ್ಕೆ ಶುರುವಾಗಿ ಸೋಮವಾರ ಸಂಜೆ ಮುಗಿಯಿತು.

ಮೊದಲ ತಾಸು ಜಾಕಿಗೇ ಹೋಯಿತು. ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದೆ, ಐವತ್ತು ವರ್ಷ ತುಳಿದು ನುಣುಪಾದ ಕಲ್ಲು. ಕಬ್ಬಿಣದ ಸ್ಟ್ಯಾಂಡು ಅದರ ಮೇಲೆ ಕಿರ್ ಎಂದು ಸರಿಯಿತು. ಎದೆ ಝಲ್ ಎಂದಿತು. ಕೆಳಗೆ ಹಲಗೆ ಕೊಟ್ಟ ಮೇಲೆ ಕೂತಿತು. ಕಾರನ್ನು ಜಾಕಿನ ಮೇಲಷ್ಟೇ ಬಿಟ್ಟು ಒಳಗೆ ಕೈ ಹಾಕಬೇಡ.

ಹಳೆಯ ಹೋಸ್ ಬಿಚ್ಚಿದ ಕೂಡಲೇ ಆಯಿಲ್ ಸುರಿಯಲು ಶುರು. ಅದಕ್ಕೆ ನನ್ನದೊಂದು ಉಪಾಯವಿದೆ. ಬ್ರೇಕ್ ಪೆಡಲನ್ನು ಒಂದು ಇಂಚು ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಜಾಲಿಕೋಲು ಆನಿಸಿಬಿಡು. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ಸಣ್ಣ ತೂತು ಮುಚ್ಚಿಕೊಂಡು ಡಬ್ಬಿಯ ಆಯಿಲ್ ಇಳಿಯುವುದು ನಿಲ್ಲುತ್ತದೆ. ಆದರೆ ಹಿಂದಿನ ಬ್ರೇಕ್ ದೀಪ ದಿನವಿಡೀ ಉರಿಯುತ್ತದೆ. ನಾವು ಅದನ್ನು ಗಮನಿಸಲಿಲ್ಲ, ಸಂಜೆ ಬ್ಯಾಟರಿ ಸತ್ತಿತ್ತು. ದೀಪದ ಫ್ಯೂಸ್ ತೆಗೆದಿಡು. ಡಬ್ಬಿ ಮಾತ್ರ ಎಂದೂ ಬರಿದಾಗಕೂಡದು; ಗಾಳಿ ಎಬಿಎಸ್ ಘಟಕಕ್ಕೆ ಹೊಕ್ಕರೆ ಸ್ಕ್ಯಾನರ್ ಹಾಕಿ ಅದರ ಪಂಪನ್ನು ಓಡಿಸಿಯೇ ಹೊರಡಿಸಬೇಕು.

ಡಿಸ್ಕ್, ಗಾಲಿ ಎರಡೂ ಕೂರುವ ಹಬ್ ಎಂಬ ಭಾಗದ ಮುಖವನ್ನು ತಂತಿ ಬ್ರಷ್ಷಿನಿಂದ ಹೊಳೆಯುವವರೆಗೆ ಉಜ್ಜಬೇಕು. ಅಲ್ಲಿ ಕೂದಲೆಳೆಯಷ್ಟು ತುಕ್ಕು ಉಳಿದರೂ ಡಿಸ್ಕಿನ ಅಂಚು ಓಲಾಡುತ್ತದೆ, ಸ್ಟೀರಿಂಗ್ ನಡುಗುತ್ತದೆ. ಡಿಸ್ಕಿನ ಒಳಗೆ ಗಾಳಿಯಾಡಿಸುವ ರೆಕ್ಕೆಗಳು ಬಾಗಿದ್ದರೆ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಡಿಸ್ಕ್. ಗಾಲಿ ಮುಂದಕ್ಕೆ ಉರುಳುವಾಗ ರೆಕ್ಕೆಗಳ ಹೊರತುದಿ ಹಿಂದಕ್ಕೆ ವಾಲಿರಬೇಕು. ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಬಾಂಜೋ ಬೋಲ್ಟಿನ ತಾಮ್ರದ ವಾಷರ್ ಪ್ರತಿ ಸಲ ಹೊಸದು. ಹೋಸ್ ಕಟ್ಟಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಅದು ಎಲ್ಲಾದರೂ ಉಜ್ಜುತ್ತದೆಯೋ ಬಿಗಿಯುತ್ತದೆಯೋ ನೋಡು. ಬೋಲ್ಟುಗಳಿಗೆಲ್ಲ ಬಿಗಿತ ಅಳೆಯುವ ಟಾರ್ಕ್ ರೆಂಚ್, ಕಿಟ್ಟಿನ ಜೊತೆ ಬಂದ ಕಾಗದದಲ್ಲಿರುವ ಅಂಕಿ. ಪಾನಾಗೆ ಪೈಪು ಸಿಕ್ಕಿಸಿ ಮೇಲೆ ನಿಲ್ಲುವವರಿಗೆ ಈ ಕೆಲಸ ಕೊಡಬೇಡ.

ಇನ್ನು ನಾನು ಮಾಡಿದ ತಪ್ಪು. ಎಲ್ಲ ಕಟ್ಟಿ ಬ್ಲೀಡಿಂಗ್, ಅಂದರೆ ಆಯಿಲಿನೊಳಗಿನ ಗಾಳಿ ಹೊರಡಿಸುವುದು, ಶುರು ಮಾಡಿದೆವು. ಸ್ಟೀರಿಂಗ್ ಬಲಗಡೆ ಇರುವ ಕಾರಿನಲ್ಲಿ ಎಡ ಹಿಂದಿನ ಗಾಲಿ ಎಲ್ಲಕ್ಕಿಂತ ದೂರ, ಅಲ್ಲಿಂದ ಹಿಡಿದು ಬಲ ಮುಂದಿನದು ಕೊನೆಗೆ. ಅಳಿಯ ಪೆಡಲ್ ಒತ್ತಿ "ಹಿಡಿದೆ" ಎನ್ನುವುದು, ನಾನು ಗಾಳಿ ಬಿಡುವ ನಿಪ್ಪಲ್ ಬಿಚ್ಚಿ ಮುಚ್ಚಿ "ಬಿಡು" ಎನ್ನುವುದು. ಒಂದೂವರೆ ಲೀಟರ್ ಆಯಿಲ್ ಹೋಯಿತು, ಒಂದು ಗುಳ್ಳೆಯೂ ಬರುವುದಿಲ್ಲ, ಆದರೂ ಪೆಡಲ್ ನೆಲ ಮುಟ್ಟುತ್ತದೆ. ಮಾಸ್ಟರ್ ಸಿಲಿಂಡರ್ ಕೆಟ್ಟಿತು ಎಂದು ಅಳಿಯ, ಕಿಟ್ಟೇ ನಕಲಿ ಎಂದು ನಾನು, ರಾತ್ರಿ ಊಟಕ್ಕೂ ಜಗಳ. ಬೆಳಗ್ಗೆ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದೆ. ನಿಪ್ಪಲ್ಲಿನ ರಬ್ಬರ್ ಟೋಪಿಗೆ ಮಣ್ಣು ಮೆತ್ತಿತ್ತು. ಟೋಪಿಗೆ ಮಣ್ಣು ಏಕೆ ಎಂದರೆ, ಅದು ಕ್ಯಾಲಿಪರಿನ ಕೆಳತುದಿಯಲ್ಲಿತ್ತು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕಟ್ಟಿದ್ದೆವು. ಗಾಳಿ ಮೇಲೆ ಕೂತಿತ್ತು, ನಾನು ಕೆಳಗಿನಿಂದ ಆಯಿಲ್ ಬಸಿಯುತ್ತಿದ್ದೆ. ಮೂವತ್ತು ವರ್ಷ ಹುಡುಗರ ಕಿವಿ ಹಿಂಡಿದವನು ನಾನು! ಹೇಳಲು ನಾಚಿಕೆಯಾಗುತ್ತದೆ. ನಿಪ್ಪಲ್ ಯಾವಾಗಲೂ ಮೇಲೆ.

ನೀನು ನೋಡಿರುವ ಕಿಟ್ಟಿನ ಬಗ್ಗೆ ಮೂರು ಮಾತು ಬೇಕು. ಪಿಸ್ಟನ್ನಿನ ಅಡ್ಡಳತೆ ಎಷ್ಟು, ಪಿಸ್ಟನ್ ಸುತ್ತ ರಬ್ಬರಿನ ಧೂಳುಚೀಲ ಇದೆಯೇ, ಅದರ ಪ್ಯಾಡ್ ಎಲ್ಲಿ ಸಿಗುತ್ತದೆ. ರೇಸಿನ ಕ್ಯಾಲಿಪರುಗಳಿಗೆ ಧೂಳುಚೀಲ ಇರುವುದಿಲ್ಲ, ಅವನ್ನು ಆಗಾಗ ಬಿಚ್ಚಿ ತೊಳೆಯುವವರಿದ್ದಾರೆ. ವಾಡಿ, ಶಹಾಬಾದ್ ಕಡೆ ಒಂದು ತಿಂಗಳು ಓಡಾಡಿದರೆ ಕಲ್ಲಿನ ಹುಡಿ, ಸಿಮೆಂಟಿನ ಹುಡಿ ಪಿಸ್ಟನ್ನಿಗೆ ಉಪ್ಪುಕಾಗದ ಉಜ್ಜಿದ ಹಾಗೆ ಉಜ್ಜುತ್ತದೆ. ಅಲಾಯ್ ವಿಷಯಕ್ಕೆ, ತಯಾರಕರ ನಕ್ಷೆಯನ್ನು ಅದೇ ಅಳತೆಯಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ ಕತ್ತರಿಸಿ, ಗಾಲಿಯ ಒಳಗೆ ಒಂದು ಸುತ್ತು ತಿರುಗಿಸಿ ನೋಡು. ಎಲ್ಲಿಯೂ 3 ಮಿ.ಮೀ. ಸಂದು ಉಳಿಯಬೇಕು.

ಕೆಎ 32 ಬಿಳಿ ಪೋಲೋ

ಮುತ್ಯಾ, ಇಷ್ಟು ಬರೆದಿರಲ್ಲ, ಕೈಮುಗಿಯುತ್ತೇನೆ. ಪೆಡಲ್ ಮೆತ್ತಗಾಗಿತ್ತು, ನೆನೆದ ಅವಲಕ್ಕಿ ತುಳಿದ ಹಾಗೆ. ಎರಡು ಮೂರು ಸಲ ಪಂಪ್ ಮಾಡಿದಾಗ ಸ್ವಲ್ಪ ಹಿಡಿಯಿತು. ಡಬ್ಬಿ ತೆಗೆದು ನೋಡಿದೆ, ಜೇನಲ್ಲ, ಎರಡನೆಯ ಸಲ ಕುದಿಸಿದ ಚಹಾ. ಹಿಂದಿನ ಮಾಲೀಕರು ಕೊಟ್ಟ ಸರ್ವಿಸ್ ಕಾಗದಗಳಲ್ಲಿ ಬ್ರೇಕ್ ಆಯಿಲ್ ಎಂಬ ಪದವೇ ಇಲ್ಲ. ಟೈರ್ 2018ರದು.

ಕಿಟ್ಟಿನ ನಾಲ್ಕೂ ಪಿಸ್ಟನ್ 42 ಮಿ.ಮೀ., ಧೂಳುಚೀಲ ಇದೆ. ಪ್ಯಾಡ್ ಪುಣೆಯಿಂದಲೇ ತರಿಸಬೇಕಂತೆ. ನನ್ನ ಹಳೆಯ ಕ್ಯಾಲಿಪರಿನ ಒಂಟಿ ಪಿಸ್ಟನ್ 54. ರಟ್ಟು ಕತ್ತರಿಸಿ ನೋಡಿದೆ. ಸುತ್ತಿನಲ್ಲಿ ಕೂರುತ್ತದೆ, ಆದರೆ ಒಂದು ಸ್ಪೋಕಿನ ಬೆನ್ನಿಗೆ ತಗಲುತ್ತದೆ. ಗಾಲಿಯನ್ನು ಹೊರಕ್ಕೆ ಸರಿಸುವ 5 ಮಿ.ಮೀ. ಸ್ಪೇಸರ್ ಬಿಲ್ಲೆ ಹಾಕಿದರೆ ಆಯಿತು ಎನ್ನುತ್ತಾರೆ ಮಾರುವವರು.

ವರ್ನಿಯರ್ ಮುತ್ಯಾ

ಹಾಗಾದರೆ ಕುದಿದದ್ದು ಆಯಿಲ್. ಈ ವಾರವೇ ಬದಲಾಯಿಸು, ಕಿಟ್ ಬರಲಿ ಬಿಡಲಿ. ಅರ್ಧ ಲೀಟರಿನ ಎರಡು ಡಬ್ಬಿ, ಮುಚ್ಚಳದ ಸೀಲ್ ಒಡೆಯದಿರುವುದು. ಡಾಟ್ 4 ಅಥವಾ 5.1 ಎರಡೂ ಆದೀತು. ಡಾಟ್ 5 ಎಂದಷ್ಟೇ ಬರೆದಿದ್ದರೆ ಅದು ಸಿಲಿಕೋನ್, ನಿನ್ನ ಕಾರಿಗಲ್ಲ. ಬಣ್ಣದ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಸುರಿ, ಇಲ್ಲವಾದರೆ ಪೇಂಟ್ ಎದ್ದುಬರುತ್ತದೆ.

ಈಗ 42ರ ಲೆಕ್ಕ. ನಾಲ್ಕು ಪಿಸ್ಟನ್ ಎಂದ ಮಾತ್ರಕ್ಕೆ ನಾಲ್ಕನ್ನೂ ಕೂಡಿಸಬಾರದು, ಒಂದು ಬದಿಯ ಎರಡನ್ನಷ್ಟೇ ಎಣಿಸಬೇಕು. ಎದುರು ಬದಿಯವು ಅವಕ್ಕೆ ಆನಿಕೆ. ನಿನ್ನ 54ರ ಪಿಸ್ಟನ್ನಿನ ಕ್ಷೇತ್ರಫಲ 2,290 ಚದರ ಮಿ.ಮೀ. 42ರ ಎರಡು ಸೇರಿ 2,770. ಅಂದರೆ ನೂರಕ್ಕೆ 21ರಷ್ಟು ಹೆಚ್ಚು ಆಯಿಲ್ ತಳ್ಳಬೇಕು, ಪೆಡಲ್ ಅಷ್ಟು ಕೆಳಗೆ ಹೋಗುತ್ತದೆ. ಅದರ ಮೇಲೆ ಡಿಸ್ಕ್ 256ರಿಂದ 312. ಪ್ಯಾಡ್ ಹಿಡಿಯುವ ಜಾಗದ ತ್ರಿಜ್ಯ ಲೆಕ್ಕ ಹಾಕಿದರೆ ಅಲ್ಲಿ ಇನ್ನೊಂದು ಕಾಲು ಪಾಲು ಏರಿಕೆ. ಎರಡನ್ನೂ ಗುಣಿಸು, ಮುಂದಿನ ಬ್ರೇಕ್ ಒಂದೂವರೆ ಪಟ್ಟಾಯಿತು. ಹಿಂದಿನ ಡ್ರಮ್ ಇದ್ದಲ್ಲೇ ಇದೆ. ಮುಂದಿನ ಗಾಲಿಗಳು ಬೇಗನೆ ಎಬಿಎಸ್‌ಗೆ ಹೋಗುತ್ತವೆ, ಹಿಂದಿನವು ತಮ್ಮ ಪಾಲಿನ ಕೆಲಸ ಮಾಡುವ ಮೊದಲೇ. ಇಷ್ಟು ದುಡ್ಡು ಕೊಟ್ಟು ನಿಲ್ಲುವ ದೂರ ಹೆಚ್ಚಿಸಿಕೊಂಡ ಹಾಗೆ. ಅದೇ 38ರ ಪಿಸ್ಟನ್ ಆದರೆ ಎರಡು ಸೇರಿ 2,268. ಹಳೆಯದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ, ಪೆಡಲ್ ನಿನ್ನ ಕಾಲಿಗೆ ಗೊತ್ತಿರುವ ಪೆಡಲೇ. ಡಿಸ್ಕಿನ ಕಾಲು ಪಾಲು ಏರಿಕೆ ಆಗಲೂ ಇರುತ್ತದೆ, ಅಷ್ಟನ್ನು ಒಪ್ಪಿಕೊಳ್ಳಬಹುದು.

ಸ್ಪೇಸರ್ ಹಾಕಲೇಬೇಕಾದರೆ ನಡುವಿನ ತೂತು 57.1 ಮಿ.ಮೀ. ಇದ್ದು ಹಬ್ಬಿನ ಮೇಲೆ ಬಿಗಿಯಾಗಿ ಕೂರುವಂಥದು, ಜೊತೆಗೆ ಅಷ್ಟೇ ಉದ್ದ ಹೆಚ್ಚಿರುವ ಬೋಲ್ಟು. ಹಳೆಯ ಬೋಲ್ಟಿನಲ್ಲೇ ಕಟ್ಟಿದರೆ ಹಿಡಿಯುವ ಸುತ್ತು ಕಡಿಮೆಯಾಗುತ್ತದೆ. ಯಾವ ಕಾರಿಗೂ ಹೊಂದುತ್ತದೆ ಎಂದು ಮಾರುವ ಬಿಲ್ಲೆಗಳನ್ನು ನನ್ನ ಅಂಗಳಕ್ಕೆ ತರಬೇಡ.

ಭೀಮಾತೀರ

ಯಾದಗಿರಿಯಿಂದ. ನಾನು ವಿಮೆಯ ಕೆಲಸದಲ್ಲಿರುವವನು, ಬ್ರೇಕಿನ ಬಗ್ಗೆ ಏನೂ ತಿಳಿಯದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ನೋಂದಣಿ ಪತ್ರದಲ್ಲಿ ಡಿಸ್ಕಿನ ಅಳತೆ ಬರೆದಿರುವುದಿಲ್ಲ ನಿಜ. ಆದರೆ ಅಪಘಾತವಾದಾಗ ಸರ್ವೇಯರ್ ಕಾರಿನ ಕೆಳಗೆ ಬಗ್ಗಿ ನೋಡುತ್ತಾರೆ. ಏನೇ ಮಾಡಿದರೂ ವಿಮಾ ಕಂಪನಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಹಳೆಯ ಕ್ಯಾಲಿಪರ್, ಡಿಸ್ಕ್ ಗುಜರಿಗೆ ಹಾಕಬೇಡಿ. ಅಂದಹಾಗೆ, ರೀಮ್ಯಾಪ್ ಮಾಡಿಸಿದ್ದನ್ನು ತಿಳಿಸಿದ್ದೀರಾ?

ಕೆಎ 32 ಬಿಳಿ ಪೋಲೋ

ರೀಮ್ಯಾಪ್ ತಿಳಿಸಿಲ್ಲ ಸರ್. ಎರಡಕ್ಕೂ ಸೇರಿಸಿ ಪತ್ರ ಬರೆಯುತ್ತಿದ್ದೇನೆ.

ಆಯಿಲ್ ಬದಲಾಯಿಸಿದೆ. ಎಡ ಹಿಂದಿನ ಗಾಲಿಯಿಂದ ಮೊದಲು ಬಂದದ್ದು ಕಪ್ಪು, ಪಾರದರ್ಶಕ ಪೈಪಿನೊಳಗೆ ಸಣ್ಣ ಸಣ್ಣ ಚೂರುಗಳು ತೇಲುತ್ತಿದ್ದವು. ಮುಂದಿನ ಪ್ಯಾಡುಗಳ ಅಂಚು ಬೂದಿಬಣ್ಣಕ್ಕೆ ತಿರುಗಿ ಸೀಳಿದ್ದವು, ಅವನ್ನೂ ಹೊಸದು ಮಾಡಿದೆ. ನಾಲ್ಕು ಟೈರೂ ಹೊಸವು. ನಿನ್ನೆ ಮಧ್ಯಾಹ್ನ, ಅದೇ ಬಿಸಿಲಿನಲ್ಲಿ, ಒಬ್ಬನೇ ಹುಮನಾಬಾದಿಗೆ ಹೋಗಿ ಬಂದೆ. ವೇಗ 80 ಮೀರಲಿಲ್ಲ, ಆದ್ದರಿಂದ ಇದು ಸರಿಯಾದ ಪರೀಕ್ಷೆಯಲ್ಲ ಎಂದು ನನಗೂ ಗೊತ್ತು. ಪೆಡಲ್ ಮಾತ್ರ ಹೋಗುವಾಗ ಎಲ್ಲಿತ್ತೋ ಬರುವಾಗಲೂ ಅಲ್ಲೇ ಇತ್ತು.

ಕಿಟ್ಟಿನ ಆಸೆ ಬಿಟ್ಟಿಲ್ಲ. ಮುಂಗಡ ವಾಪಸ್ ಇಲ್ಲ ಎಂದ ಪುಣೆಯವರು, ಅದೇ ಡಿಸ್ಕಿಗೆ 38ರ ಪಿಸ್ಟನ್ನಿನ ಕ್ಯಾಲಿಪರ್ ಇನ್ನೊಂದು ಜೊತೆ ಇದೆ ಎಂದಿದ್ದಾರೆ, 4,000 ಹೆಚ್ಚಿಗೆ. ಮೆಕ್ಯಾನಿಕ್ಕಿಗೆ ಹೇಳಿದೆ, "38 ಆದರೇನು 42 ಆದರೇನು ಸಾಹೇಬರೇ" ಎಂದರು. ಮುತ್ಯಾ, ನಿಮ್ಮ ಅಂಗಳ ಖಾಲಿ ಇದೆಯೇ?

ವರ್ನಿಯರ್ ಮುತ್ಯಾ

ಪಿಸ್ಟನ್ನಿನ ಮೇಲೆ ವರ್ನಿಯರ್ ಅಳತೆಗೋಲು ಇಟ್ಟ ಚಿತ್ರ ಕಳಿಸಲು ಹೇಳು, ಅವರ ಬಾಯಿಮಾತಿನ 38 ಬೇಡ. ಎರಡು ಜೊತೆ ಪ್ಯಾಡ್ ಈಗಲೇ ತರಿಸಿಕೋ. ರಸ್ತೆಯಲ್ಲಿ ಪ್ಯಾಡ್ ಸವೆದರೆ ನಿನ್ನ ಹಳೆಯ ಕ್ಯಾಲಿಪರಿಗಾದರೆ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸಿಗುತ್ತಿತ್ತು, ಇದಕ್ಕೆ ಸಿಗದು. ರಟ್ಟಿನ ಅಚ್ಚನ್ನೂ ಹೊಸ ಕ್ಯಾಲಿಪರಿಗೆ ಮತ್ತೆ ಕತ್ತರಿಸು.

ಭಾನುವಾರ ಬೆಳಗ್ಗೆ ಆರಕ್ಕೆ ಬಾ, ಹತ್ತರ ನಂತರ ಫರಸಿ ಕಾದು ಕೂರಲಾಗುವುದಿಲ್ಲ. ಕಟ್ಟಿ ಮುಗಿದ ಮೇಲೆ ಮರುದಿನ ನಸುಕಿನಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆ ಹುಡುಕಿ ಪ್ಯಾಡ್ ಹದ ಮಾಡಬೇಕು. 80ರಿಂದ 15ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಹತ್ತು ಕಿಲೋಮೀಟರ್ ಆರಿಸುವುದು. ಕಿಟ್ಟಿನ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಅಚ್ಚು ಬಿದ್ದು, ಆಮೇಲೆ ಪ್ರತಿ ಬ್ರೇಕಿಗೂ ಕಾರು ಕುಣಿಯುತ್ತದೆ.

ಜಾಲಿಕೋಲು ನನ್ನ ಹತ್ತಿರ ಇದೆ. ಬರುವಾಗ ಎಡ, ಬಲ ಎಂದು ಬರೆಯಲು ಸೀಮೆಸುಣ್ಣ ತಾ.